ಹನ್ನೊಂದು ಮೀಟರಿನ ನೆರೆಯವಳು

“ಸೊನ್ನೆ ಹಾಕಿದ್ರೆ ಕಂಪ್ಯೂಟರ್ ತಗೊಳ್ತಾನೇ ಇಲ್ಲ,” ಎಂದು ಬ್ಯಾಂಕಿನ ಮ್ಯಾನೇಜರ್ ಮೂರನೇ ಸಲ ಹೇಳಿದಾಗ, ದರ್ಜಿ ಕೊರಳಲ್ಲಿದ್ದ ಟೇಪನ್ನು ತೆಗೆದು ಅವರ ಮೇಜಿನ ಮೇಲಿಟ್ಟ. “ಹಾಗಾದ್ರೆ ನೀವೇ ಅಳೆದು ನೋಡಿ ಸಾರ್. ನಿಮ್ಮ ಗೋಡೆ, ನಮ್ಮ ಗೋಡೆ ಒಂದೇ. ದೂರ ಎಲ್ಲಿಂದ ತರ್ಲಿ?”

ಗೋಡೆ ಒಂದೇ ಎಂಬುದರಲ್ಲಿ ಎರಡು ಮಾತಿಲ್ಲ. ಬ್ಯಾಂಕಿನವರು ಗಡಿಯಾರಕ್ಕೆಂದು ಹೊಡೆದ ಮೊಳೆಯ ತುದಿ ಆಚೆ ದರ್ಜಿಯ ಮನೆಯಲ್ಲಿ ಹೊರಬಂದಿತ್ತು. ಅದಕ್ಕೆ ಅವನು ಕತ್ತರಿ ನೇತುಹಾಕುತ್ತಿದ್ದ. ಈಗ ಬ್ಯಾಂಕು ‘ನೆರೆಹೊರೆಗೆ ನಮ್ಮ ನೆರವು’ ಎಂದು ನಡೆಯಲಾರದವರಿಗೆ ಗಾಲಿಕುರ್ಚಿ ಹಂಚಲು ಹೊರಟಿತ್ತು. ದರ್ಜಿಯ ತಾಯಿ ಬೀದಿ ನೋಡಿ ಎರಡು ವರ್ಷವಾಗಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವುದೇ ಅವಳ ತಿರುಗಾಟ. ಹೊಸ್ತಿಲಾಚೆಯ ಮೂರು ಮೆಟ್ಟಿಲು ಅವಳ ಪಾಲಿಗೆ ಬೆಟ್ಟ.

“ನಿಯಮ ಏನಪ್ಪಾ ಅಂದ್ರೆ, ಹತ್ತು ಮೀಟರಿಂದ ಒಂದು ಕಿಲೋಮೀಟರ್‌ವರೆಗೆ ಇರೋರು ನೆರೆಹೊರೆ. ಹತ್ತು ಮೀಟರ್ ಒಳಗಿದ್ದೋರೆಲ್ಲ ಬ್ಯಾಂಕಿನ ಆವರಣಕ್ಕೆ ಸೇರಿದೋರು. ಬ್ಯಾಂಕು ತನಗೆ ತಾನೇ ದಾನ ಮಾಡ್ಕೊಳ್ಳೋಕಾಗುತ್ತಾ, ಹೇಳಿ?” ಎಂದರು ಮ್ಯಾನೇಜರ್. ಅವರು ಕೆಟ್ಟವರಲ್ಲ. ಆದರೆ ಒಳ್ಳೆಯವರು ನಿಯಮಪುಸ್ತಕ ಓದಿಕೊಂಡರೆ ಆಗುವ ಅನಾಹುತವೇ ಬೇರೆ.

ದರ್ಜಿ ಮನೆಗೆ ಬಂದು ಹೇಳಿದಾಗ ತಾಯಿ ಮೊದಲು ನಕ್ಕಳು, ಆಮೇಲೆ ರೇಗಿದಳು. “ಎರಡು ವರ್ಷದಿಂದ ಅವರ ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗ್ತಿದೀನಿ. ನಾನು ನೆರೆಯವಳಲ್ವಂತಾ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ ಕಣೋ.” ಒಂದು ಗಳಿಗೆ ಯೋಚಿಸಿದಳು. “ಎದುರುಗಡೆ ಸೈಕಲ್ ಅಂಗಡಿಯವನು ಒಳ್ಳೆಯವನಲ್ವಾ? ಅವನ ಜಗುಲಿ ಮೇಲೆ ನನ್ನನ್ನ ಕೂರಿಸಿಬಿಡು. ಆಗ ಅಳೀಲಿ.”

ಅರ್ಜಿಯಲ್ಲಿ ಸೈಕಲ್ ಅಂಗಡಿಯ ವಿಳಾಸ ಬಿತ್ತು. ಕುರ್ಚಿ ಕೊಡುವ ದಿನ ದರ್ಜಿ ಬಾಗಿ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನು ತಿಣುಕಲು ಸಿದ್ಧನಾಗಿದ್ದ. ಅವಳು ಒಂದು ಥಾನು ಬಟ್ಟೆಯಷ್ಟೂ ಭಾರವಿರಲಿಲ್ಲ. ಮೆಟ್ಟಿಲಿಳಿದು ರಸ್ತೆ ದಾಟುವಷ್ಟರಲ್ಲಿ ಅವಳು ಅವನ ಭುಜದ ಮೇಲಿಂದ ಬೀದಿಯನ್ನೆಲ್ಲ ನೋಡಿ ಮುಗಿಸಿದ್ದಳು. “ಆ ಔಷಧಿ ಅಂಗಡಿಗೆ ಯಾವಾಗ ಕಣೋ ಹಸಿರು ಬಣ್ಣ ಹೊಡೆದಿದ್ದು? ನಂಗೊಂದು ಮಾತು ಹೇಳ್ಬಾರ್ದಾ?” ನಡೆದರೆ ಇಪ್ಪತ್ತು ಹೆಜ್ಜೆ. ಜನ ನೋಡಿ ಏನಂದುಕೊಂಡಾರು, ಕೆಲಸ ಬೇರೆ ಕುತ್ತಿಗೆಯವರೆಗಿದೆ, ಕುರ್ಚಿ ಬಂದಾಗ ನೋಡೋಣ ಎಂದು ಇಷ್ಟು ದಿನ ಇವಳನ್ನು ಒಳಗೇ ಕೂರಿಸಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮ್ಯಾನೇಜರ್ ದರ್ಜಿಯ ಟೇಪಿನಿಂದಲೇ ರಸ್ತೆ ಅಳೆದರು. ಏಳು ಟೇಪು, ಮೇಲೊಂದು ಮೊಳ ನಾಲ್ಕು ಬೆರಳು. “ಹನ್ನೊಂದು ಮೀಟರಿಗೆ ಮೋಸವಿಲ್ಲ!” ಎಂದು ಕೂಗಿ ಅವರೇ ಚಪ್ಪಾಳೆ ತಟ್ಟಿದರು. ಫೋಟೋ ಆಯಿತು. ತಾಯಿ ಹೊಸ ಕುರ್ಚಿಯಲ್ಲಿ ಕೂತು ಗತ್ತಿನಿಂದ ಸೆರಗು ಸರಿಮಾಡಿಕೊಂಡಳು. ದರ್ಜಿ ಕುರ್ಚಿಯನ್ನು ಮನೆಯ ಕಡೆ ತಿರುಗಿಸಿದ್ದೇ ತಡ, ಮ್ಯಾನೇಜರ್ ಓಡಿಬಂದು ಅಡ್ಡ ನಿಂತರು.

“ಅಯ್ಯೋ, ಎಲ್ಲಿಗೆ ತಗೊಂಡು ಹೋಗ್ತಿದೀರಿ?”

“ಮನೆಗೆ ಸಾರ್.”

“ಮನೆಗೆ ಹೋದ್ರೆ ಅಮ್ಮನವರು ಮತ್ತೆ ಸೊನ್ನೆ ಆಗಿಬಿಡ್ತಾರಲ್ರೀ!”

ದರ್ಜಿಯ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಹತ್ತು ಮೀಟರಿಗೆ ಸರಿಯಾಗಿ ಅವರು ರಸ್ತೆಯ ಮೇಲೊಂದು ಗೆರೆ ಎಳೆದರು. ಕುರ್ಚಿ ಗೆರೆಯಾಚೆ ಒಂದು ಕಿಲೋಮೀಟರಿನವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದು, ಈಚೆಗೆ ಮಾತ್ರ ಬರಕೂಡದು. ಮೇಲಿನ ಕಚೇರಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ಸಹಕರಿಸಿ ಎಂದು ಕೈಮುಗಿದರು.

ಅಂದಿನಿಂದ ದಿನಾ ಸಂಜೆ ಐದಕ್ಕೆ ದರ್ಜಿ ಕತ್ತರಿಯನ್ನು ಮೊಳೆಗೆ ಹಾಕಿ, ತಾಯಿಯನ್ನು ಎತ್ತಿಕೊಂಡು ಗೆರೆ ದಾಟಿ, ಸೈಕಲ್ ಅಂಗಡಿಯ ಜಗುಲಿಯಲ್ಲಿದ್ದ ಕುರ್ಚಿಗೆ ಇಳಿಸುತ್ತಿದ್ದ. ಸೈಕಲ್ ಅಂಗಡಿಯವನು ಗಾಲಿಗೆ ಎಣ್ಣೆ ಬಿಡುತ್ತಿದ್ದ. ತಾಯಿ, ಮಗ ಔಷಧಿ ಅಂಗಡಿ, ಅಂಚೆ ಕಚೇರಿ ಸುತ್ತಿ ಬರುತ್ತಿದ್ದರು. ಬೀದಿಯ ಜನ ನಿಜವಾಗಿಯೂ ನೋಡಿದರು. ನೋಡಿ, ಗೆರೆ ಮಾಸಿದಾಗ ತಾವೇ ಹೊಸದಾಗಿ ಎಳೆದರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಮ್ಯಾನೇಜರ್ ಕೂಗಿದರು. “ಟೈಲರ್ರೇ, ಒಳ್ಳೇ ಸುದ್ದಿ! ಮೇಲಿನವರು ಸೊನ್ನೆ ಒಪ್ಪಿದ್ರು! ಕುರ್ಚಿ ಒಳಗೇ ಇಟ್ಕೊಳ್ಳಿ. ಆ ಮೆಟ್ಟಿಲ ಮೇಲೆ ಇಳಿಜಾರು ಹಲಗೆನೂ ಹಾಕಿಸಿ ಕೊಡ್ತೀವಿ. ನಾಳೆಯಿಂದ ನೀವು ಎತ್ತೋದೇ ಬೇಡ!”

ದರ್ಜಿ ಹೊಲಿಗೆ ನಿಲ್ಲಿಸಿ ಬಾಯಿ ತೆರೆಯುವಷ್ಟರಲ್ಲಿ, ತಾಯಿ ಊರುಗೋಲಿನಿಂದ ಗೋಡೆಗೆ ಮೂರು ಸಲ ಕುಟ್ಟಿದಳು.

“ಮ್ಯಾನೇಜರೇ, ಇಷ್ಟು ವರ್ಷದ ನೆರೆಯವಳು ಕೇಳ್ಕೊಳ್ತಿದೀನಿ,” ಎಂದಳು ಗೋಡೆಯ ಬಿರುಕಿಗೆ ಬಾಯಿಟ್ಟು, ಮಗನಿಗೆ ಕೇಳಬಾರದೆಂದು ದನಿ ತಗ್ಗಿಸಿ. “ಆ ಸೊನ್ನೆ ಬೇಡ. ನನ್ನ ಹನ್ನೊಂದು ಮೀಟರ್ ನನಗಿರಲಿ.”