ಏಳು ಬರುವ ಕಥೆ

ಅಕ್ಕಿ ಎಲ್ಲರಿಗೂ ಸಾಲದ್ದರಿಂದ ಊರಿನ ಅರ್ಧ ಜನರನ್ನು ಸರದಿಯ ಮೇಲೆ ಆರಾರು ತಿಂಗಳ ನಿದ್ದೆಯಲ್ಲಿ ಮಲಗಿಸಲಾಗುತ್ತಿತ್ತು. ಮಲಗಿದವರ ಪಾಲು ಎಚ್ಚರವಿದ್ದವರಿಗೆ. ಗ್ರಂಥಾಲಯದ ವನಮಾಲಾ ಅಂಥ ಅನ್ನವನ್ನೇ ಉಣ್ಣುತ್ತಿದ್ದಾಗ ಹನುಮೇಶಪ್ಪ ಬಂದ. ಅವನ ಮಗಳ ಸರದಿ ಮುಗಿದು ವರ್ಷವಾದರೂ ಅವಳನ್ನು ಯಾರೂ ಎಬ್ಬಿಸಿರಲಿಲ್ಲ.

“ಅಕ್ಕಾರ, ಒಂದು ಕಥಿ ಹುಡುಕಿ ಕೊಡ್ರಿ. ನನ್ನ ಮಗಳು ಮಲಗೋ ಮುಂದ ಹೇಳಿದ್ಲು. ಅದರಾಗೂ ನಮ್ಮಂಗ ಊರ ಮಲಗಿರ್ತದ. ಕಡೀಗೆ ಒಬ್ಬ ಅಪ್ಪ ಏನೋ ಅಂತಾನ್ರಿ. ‘ಏಳು’ ಅನ್ನೋದಷ್ಟ ನೆನಪೈತಿ. ಏಳು ದಿನಾನೋ, ಏಳು ಊರೋ! ಗೊತ್ತಾದ್ರ ಅಕಿ ಕಿವ್ಯಾಗ ಹೇಳಿ ಬರ್ತೀನಿ.”

ಹಾಸ್ಟೆಲಿನಲ್ಲಿದ್ದಾಗ ವನಮಾಲಾ ಆ ಕಥೆಯನ್ನು ಮೂರು ಸಲ ಓದಿದ್ದಳು. ಅದು ಲೆಕ್ಕದ ಏಳಲ್ಲ. ಅಪ್ಪ ಮಗಳ ಕಿವಿಯಲ್ಲಿ “ಏಳು” ಎನ್ನುತ್ತಾನೆ, ಅವಳು ಎದ್ದು ಪಕ್ಕದವರನ್ನು ಎಬ್ಬಿಸುತ್ತಾಳೆ. ಇಲ್ಲಿ ಮಲಗಿದವರನ್ನು ಎಬ್ಬಿಸಲೂ ಆ ಒಂದು ಮಾತು ಸಾಕಿತ್ತು. ಆದ್ದರಿಂದಲೇ ಆ ಪುಸ್ತಕವನ್ನು ಕೊಡಬಾರದೆಂಬ ಆದೇಶವಿತ್ತು. ಎಲ್ಲರೂ ಎದ್ದರೆ ತನ್ನ ತಟ್ಟೆ ಅರ್ಧವಾಗುತ್ತದೆಂಬುದು ಆದೇಶವಿಲ್ಲದೆಯೂ ಅವಳಿಗೆ ಗೊತ್ತಿತ್ತು.

“ಏಳಲ್ಲ ಕಾಕಾ, ಎಂಟು. ಎಂಟು ಸಮುದ್ರದ ಕಥಿ ಅದು,” ಎಂದಳು, ಅವನ ಮುಖ ನೋಡಲಾಗದೆ.

“ಎಂಟೇನ್ರಿ? ನನ್ನ ತಲಿಗಿಷ್ಟು ಬೆಂಕಿ ಹಾಕ! ಭಾಳ ಉಪಕಾರ ಆತ್ರಿ ಅಕ್ಕಾರ.”

ಮತ್ತೆ ಮರೆತೀತೆಂದು “ಎಂಟು, ಎಂಟು” ಎನ್ನುತ್ತಲೇ ಅವನು ಮೆಟ್ಟಿಲಿಳಿದು ಹೋದ.