ಮಧ್ಯಾಹ್ನ ಸಾಯುವ ಮಿಡಲ್‌ವೇರ್

ಒಂದು ಗಂಟೆಗೆ ಸರಿಯಾಗಿ ಅದು ಮತ್ತೆ ಸತ್ತಿತು.

ಅವಳು ಕಂಪ್ಯೂಟರಿನ ಪ್ಲಗ್ಗಿನ ಮುಂದೆಯೇ ಕಾವಲು ನಿಂತಿದ್ದಳು. ಕೆಟಲ್ ಇಡಲು ಯಾರೋ ದಿನಾ ವೈರು ಕೀಳುತ್ತಿದ್ದಾರೆ ಎಂಬುದು ಅವಳ ಗುಮಾನಿ. ಯಾರೂ ಬರಲಿಲ್ಲ. ವೈರು ಮಿಸುಕಲಿಲ್ಲ. ಆದರೂ ಪರದೆಯ ಮೇಲಿನ ಹಸಿರು ಗೆರೆ ನೆಲಕ್ಕೆ ಬಿದ್ದು ಅಂಗಾತ ಮಲಗಿತು.

ಪಾರ್ಸೆಲ್ ಕಂಪನಿಯ ಆ ಗೋದಾಮಿನಲ್ಲಿ ಕಂಪ್ಯೂಟರುಗಳ ಜವಾಬ್ದಾರಿ ಅವಳದು. ಗೋದಾಮಿನ ಪ್ರೋಗ್ರಾಮಿಗೂ ಮುಖ್ಯ ಕಚೇರಿಯ ಪ್ರೋಗ್ರಾಮಿಗೂ ನೇರ ಮಾತಿಲ್ಲ. ನಡುವೆ ಒಂದು ಮಿಡಲ್‌ವೇರ್ ಇದೆ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಓಡಾಡುವ ಅತ್ತಿಗೆಯ ಹಾಗೆ, ಇಲ್ಲಿನ ಪಾರ್ಸೆಲ್ ನಂಬರನ್ನು ಅಲ್ಲಿಗೆ ಮುಟ್ಟಿಸುವುದು ಅದರ ಕೆಲಸ. ಮೂರು ತಿಂಗಳ ಹಿಂದೆ ಹೊರಗಿನ ಕಂಪನಿಯೊಂದು ಬಾಡಿಗೆಗೆ ಕೊಟ್ಟದ್ದು. ನಿಮಿಷಕ್ಕೆ ಲಕ್ಷ ಸಂದೇಶ ಹೊರುತ್ತದೆ ಎಂದು ಜಾಹೀರಾತಿನಲ್ಲಿ ಕೊಚ್ಚಿಕೊಂಡಿದ್ದರು. ಹೊರುತ್ತಿದ್ದದ್ದು ಎಂಟು.

ಅದಕ್ಕೇ ಸೋಮವಾರ ಅವಳು ಅದರ ಮೇಲೆ ಕಣ್ಣಿಡಲು ತನ್ನ ಲ್ಯಾಪ್‌ಟಾಪಿನಲ್ಲೇ ಒಂದು ಉಸ್ತುವಾರಿ ಸರ್ವರ್ ಹೂಡಿದ್ದಳು. ಸರ್ವರು, ಅದರ ಸಾಮಾನು ಸರಂಜಾಮು ಎಲ್ಲವನ್ನೂ ಕಂಟೇನರ್ ಎಂಬ ಒಂದೇ ಸಾಫ್ಟ್‌ವೇರ್ ಗಂಟಿನಲ್ಲಿ ಕಟ್ಟಿಟ್ಟಿರುತ್ತಾರೆ. ಪರದೆಯ ಕಪ್ಪು ಕಿಟಕಿಯಲ್ಲಿ ಒಂದು ಸಾಲಿನ ಆಜ್ಞೆ ಟೈಪಿಸಿದರೆ ಸಾಕು, ಬುತ್ತಿ ಬಿಚ್ಚಿದಂತೆ ಬಿಚ್ಚಿಕೊಂಡು ಓಡತೊಡಗುತ್ತದೆ. ಐದು ದಿನ ಅದು ಬರೆದ ಗೆರೆಗಳನ್ನು ನೋಡಿ ಅವಳ ತಲೆ ಕೆಟ್ಟಿತ್ತು. ದಿನಾ ಒಂದರಿಂದ ಒಂದೂ ಮುಕ್ಕಾಲರವರೆಗೆ ಪೂರ್ತಿ ಸಾವು. ಆಮೇಲೆ ಜೀವ ಬಂದರೂ ನಿಮಿಷಕ್ಕೆ ಐದೇ ಸಂದೇಶ. ಮಂಗಳವಾರವಂತೂ ಬೆಳಗ್ಗೆಯೆಲ್ಲ ನಾಪತ್ತೆ. ಯಾವ ಕೈಪಿಡಿಯಲ್ಲೂ ಇಂಥ ರೋಗವಿರಲಿಲ್ಲ.

ಗುಡುಗು ಎಂದೇ ಹೆಸರಾದ ಮ್ಯಾನೇಜರ್ ಬಂದು ನಿಂತ.

"ಐದು ಗಂಟೆಯೊಳಗೆ ಮುಖ್ಯ ಕಚೇರಿಗೆ ವರದಿ ಹೋಗ್ಬೇಕು. ತಪ್ಪು ಅದರದ್ದೋ ನಿಮ್ಮದೋ ಬರೀರಿ. ಯಾರದ್ದೋ ಅವರು ಇವತ್ತೇ ಮನೆಗೆ."

"ಅದಕ್ಕೆ ಮನೆ ಎಲ್ಲಿದೆ ಸರ್?"

"ಅದರ ಚಿಂತೆ ನಿಮಗ್ಯಾಕೆ?"

ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಗಂಡ ಎಂಟು ತಿಂಗಳು ಕೆಲಸವಿಲ್ಲದೆ ಗೋಡೆ ನೋಡುತ್ತ ಕೂತದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಈಚೆಗೆ ಎಲ್ಲೋ ಸೇರಿಕೊಂಡಿದ್ದ. ಕಚೇರಿಯ ಗುಟ್ಟು ಬಾಯಿಬಿಡುವಂತಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದಾರಂತೆ. ಏನಾದರೂ ಕೇಳಿದರೆ ಬೆರಳ ಗೆಣ್ಣಿಗೆ ಮುಲಾಮು ತಿಕ್ಕುತ್ತ ನಗುತ್ತಿದ್ದ. ಮತ್ತೆ ಮನೆಯಲ್ಲಿ ಒಬ್ಬರು ಗೋಡೆ ನೋಡುವುದು ಅವಳಿಗೆ ಬೇಡವಾಗಿತ್ತು.

ಎರಡೂವರೆಗೆ ತಡೆಯಲಾರದೆ ಅವನಿಗೇ ಫೋನು ಮಾಡಿದಳು.

"ಹಲ್ಲು ಹೇಗಿದೆ ರೀ?"

"ಮಂಗಳವಾರವೇ ಕಿತ್ತಿದ್ದಾಯ್ತಲ್ಲ, ಇನ್ನೂ ಜುಮ್ಮಂತಿದೆ. ಏನು, ಈ ಹೊತ್ತಲ್ಲಿ?"

"ಇಲ್ಲೊಂದು ದರಿದ್ರ ಮಿಡಲ್‌ವೇರ್ ನನ್ನ ಪ್ರಾಣ ಹಿಂಡ್ತಿದೆ. ನೋಡಿ, ನಿಮ್ಮ ಹತ್ರ ಮಾತಾಡ್ತಾ ಇರೋವಾಗ್ಲೇ ಮತ್ತೆ ನಿಂತೋಯ್ತು!"

"ಪಾಪ, ಅದಕ್ಕೂ ಸುಸ್ತಾಗಿರ್ಬೇಕು ಬಿಡು."

"ಯಂತ್ರಕ್ಕೆ ಎಂಥ ಸುಸ್ತು? ಸೊಕ್ಕು ಅದಕ್ಕೆ!"

ಫೋನು ಕುಕ್ಕಿದಳು. ಗೆರೆ ಧಡಕ್ಕನೆ ಎದ್ದು ಒಂಬತ್ತಕ್ಕೆ ಏರಿತು. ಬೈದರೆ ಬಗ್ಗುವ ಜಾತಿಯಿದು ಎಂದುಕೊಂಡು ಇನ್ನಷ್ಟು ಬೈದಳು. ಏನೂ ಆಗಲಿಲ್ಲ.

ನಾಲ್ಕೂವರೆಗೆ ಅವಳು ಮನಸ್ಸು ಗಟ್ಟಿ ಮಾಡಿ ಬರೆದಳು. 'ಈ ಮಿಡಲ್‌ವೇರ್ ಶುದ್ಧ ಕೆಲಸಗಳ್ಳ. ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದುಕೊಳ್ಳುತ್ತದೆ. ದುರಸ್ತಿಗೆ ಬಗ್ಗುವುದಿಲ್ಲ. ಇವತ್ತೇ ಕಿತ್ತು ಹೊರಗೆ ಹಾಕತಕ್ಕದ್ದು.' ಕೆಳಗೆ ತನ್ನ ಹೆಸರು, ಹುದ್ದೆ. ಓದಿಕೊಂಡಾಗ ವಾರದ ಸಿಟ್ಟೆಲ್ಲ ಇಳಿದು ಹಾಯೆನಿಸಿತು.

ಮುಖ್ಯ ಕಚೇರಿಗೆ ಬೇರೆ ದಾರಿಯಿರಲಿಲ್ಲ, ವರದಿಯೂ ಅದರ ಮೂಲಕವೇ ಹೋಗಬೇಕು. ನಂಬರುಗಳನ್ನಷ್ಟೇ ಹೊತ್ತಿದ್ದ ಅದಕ್ಕೆ ಮಾತು ಹೊರಿಸಿದ್ದು ಇದೇ ಮೊದಲು. ಗುಂಡಿ ಒತ್ತಿದಳು. ಪರದೆಯಲ್ಲಿ ಲೆಕ್ಕ ಮೂಡಿತು: ಒಳಗೆ ಹೋದದ್ದು ಒಂದು, ಹೊರಗೆ ಬಂದದ್ದು ಸೊನ್ನೆ. ಎರಡು ನಿಮಿಷವಾಯಿತು. ನಾಲ್ಕಾಯಿತು. ಗುಡುಗು ಗಡಿಯಾರ ನೋಡಿದ.

ಅಷ್ಟರಲ್ಲಿ ಗಂಡನ ಫೋನು ಬಂತು.

"ಆಮೇಲೆ ಮಾಡ್ರೀ, ವರದಿ ಸಿಕ್ಕಿಹಾಕ್ಕೊಂಡಿದೆ!"

"ಅದಕ್ಕೇ ಮಾಡ್ದೆ ಕಣೇ," ಅವನ ದನಿ ತೀರ ಮೆತ್ತಗಿತ್ತು. "ಶುದ್ಧ ಕೆಲಸಗಳ್ಳ ಅಂತ ಬರ್ದಿದ್ದೀಯಲ್ಲ, ಅದನ್ನ ಹಾಗೇ ಟೈಪ್ ಮಾಡಿ ಮುಂದಕ್ಕೆ ಕಳಿಸ್ಲಾ?"