ಪರದೆಯ ಪಾಲು

ಕಂಪ್ಯೂಟರ್ ಪರದೆಯ ಮೇಲೆ ಯಾರ ವಿಂಡೋ ಯಾರದನ್ನು ಮುಚ್ಚಬಾರದೆಂಬ ಘನಗಂಭೀರ ವ್ಯಾಜ್ಯವನ್ನು ತೀರ್ಮಾನಿಸಲು ಸೋದರಮಾವ ತಲೆಗೆ ಪಟಗ ಸುತ್ತಿಕೊಂಡೇ ಫ್ಲೆಕ್ಸ್ ಅಂಗಡಿಗೆ ಬಂದಿದ್ದ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಶಂಭುಲಿಂಗ ಮದುವೆಯ ಬ್ಯಾನರ್ ತೆರೆದರೆ ತಮ್ಮ ಗುರುಬಸು ಅದರ ಮೇಲೆಯೇ ಶ್ರದ್ಧಾಂಜಲಿಯ ಬ್ಯಾನರ್ ಹರಡುತ್ತಿದ್ದ.

ಅವರಿಬ್ಬರ ತಂಗಿ ಸುಮಂಗಲಾ ಉಚಿತ ವಿಂಡೋ ಮ್ಯಾನೇಜರ್ ತಂತ್ರಾಂಶವೊಂದನ್ನು ಹಾಕಿ, ಶಾರ್ಟ್‌ಕಟ್ ಕೀಲಿಗಳನ್ನು ಹೊಂದಿಸುತ್ತಿದ್ದಳು.

"ಇನ್ನ ಯಾರ ವಿಂಡೋನೂ ಯಾರ ಮ್ಯಾಲೂ ಬರಂಗಿಲ್ಲ. ತೆರೆದವ್ರಿಗೆಲ್ಲಾ ಇದು ತಾನಾಗೇ ಸಮ ಜಾಗ ಕೊಡತೈತಿ" ಎಂದಳು.

"ಈ ಕಳ್ಳಗಿಂತ ಮಷೀನು ಚಲೋ" ಎಂದ ಶಂಭುಲಿಂಗ.

"ಕಳ್ಳ ಯಾರಂತ ಊರಿಗೇ ಗೊತ್ತೈತಿ" ಎಂದು ಗುರುಬಸು ಹಲ್ಲು ಕಡಿದ.

"ಅಂಗಡಿಯೊಳಗ ನನ್ನ ಪಾಲು?" ಸುಮಂಗಲಾ ಕೇಳಿದಳು.

ಆಗ ಮಾತ್ರ ಅಣ್ಣತಮ್ಮಂದಿರ ದನಿ ಒಂದಾಯಿತು. "ಕೊಟ್ಟ ಹೆಣ್ಣಿಗೆ ಎಂಥಾ ಪಾಲು? ಸುಮ್ನ ಕೆಲಸ ಮುಗಿಸು."

ಮಾವ ಮೀಸೆ ತಿರುವಿದ. "ಪರದಿ ಹೆಂಗ ಹಂಚತೈತೋ ಅಂಗಡೀನೂ ಹಂಗ. ಅಪ್ಪನ ಫೋಟೋ ಮುಟ್ಟಿ ಒಪ್ಪಿಗಿ ಅನ್ರಿ."

ಇಬ್ಬರೂ ಮುಟ್ಟಿದರು. ಒಬ್ಬೊಬ್ಬರು ಒಂದೊಂದು ಬ್ಯಾನರ್ ತೆರೆದರು. ಪರದೆ ಸರಿಯಾಗಿ ಅರ್ಧರ್ಧವಾಯಿತು.

ಸುಮಂಗಲಾ ತನ್ನದೊಂದು ವಿಂಡೋ ತೆರೆದಳು.

ಪರದೆ ಮೂರು ಸಮಪಾಲಾಯಿತು.